ಗುಳಿಗೆಯ ಹೆಸರಿನ ಮಾತ್ರೆಗಳು

ಧಾರವಾಡದಲ್ಲಿ ಔಷಧ ಅಂಗಡಿಗಳ ಕೆಲಸಗಾರರು, ಫಾರ್ಮಸಿ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು ಹಾಗೂ ಊರಿನ ಆಸಕ್ತರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ.

ನನ್ನ ಕೈಯಲ್ಲಿರುವುದು ನಾನೇ ದಿನಾಲೂ ಬೆಳಿಗ್ಗೆ ತೆಗೆದುಕೊಳ್ಳುವ ರಕ್ತದೊತ್ತಡದ ಗುಳಿಗೆಯ ಸ್ಟ್ರಿಪ್. ಇದರ ಬೆನ್ನ ಮೇಲೆ ಎರಡು ಹೆಸರುಗಳಿವೆ: ಟೆಲ್ಮಿಸಾರ್ಟನ್ 40 ಮಿಲಿಗ್ರಾಂ, ಹೈಡ್ರೋಕ್ಲೋರೋಥಯಜೈಡ್ 12.5 ಮಿಲಿಗ್ರಾಂ. ಇಲ್ಲಿ ಕುಳಿತಿರುವ ಹಿರಿಯರಲ್ಲಿ ಹಲವರ ಮನೆಯ ಗೂಡಿನಲ್ಲೂ ಇದೇ ಜೋಡಿ ಇರಬಹುದು. ನುಂಗುವವರು ಈ ಹೆಸರನ್ನು ಓದುವುದಿಲ್ಲ. ಮಾರುವವರು ಓದಿದರೂ ಪೂರ್ತಿಯಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಹುಬ್ಬಳ್ಳಿಯ ಔಷಧ ಅಂಗಡಿಯೊಂದರಲ್ಲಿ ಬಹಳ ವರ್ಷ ಗಿರಾಕಿಗಳ ಮುಂದೆ ನಿಂತು, ಆಮೇಲೆ ಫಾರ್ಮಸಿ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಪಾಠ ಹೇಳಿದ ನನಗೆ ಒಂದು ಮಾತು ದೃಢವಾಗಿದೆ. ಇಂಥ ಹೆಸರುಗಳು ಕನ್ನಡಿಗರ ನಾಲಿಗೆಗೆ ಹೊರುವುದಕ್ಕಾಗದ ಭಾರವೇನಲ್ಲ. ಅವುಗಳನ್ನು ಬಿಡಿಸುವ ಎರಡು ಉಪಕರಣಗಳನ್ನು ನಮಗೆ ಶಾಲೆಯಲ್ಲಿಯೇ ಕೊಟ್ಟಿದ್ದಾರೆ. ಒಂದು ಮಾತ್ರೆ ಎಣಿಸುವುದು, ಇನ್ನೊಂದು ಸಂಧಿ ಬಿಡಿಸುವುದು. ಕನ್ನಡ ಪರೀಕ್ಷೆ ಮುಗಿದ ಮೇಲೆ ಅವೆರಡನ್ನೂ ನಾವು ಕಟ್ಟಿಟ್ಟುಬಿಟ್ಟೆವು.

ಮಾತ್ರೆ ಎಂಬ ಪದವನ್ನೇ ನೋಡಿ. ನಮ್ಮ ಕಡೆ ಎಲ್ಲರೂ ಗುಳಿಗಿ ಎನ್ನುತ್ತಾರೆ. ಪುಸ್ತಕದಲ್ಲಿ, ದಕ್ಷಿಣದ ಜಿಲ್ಲೆಗಳಲ್ಲಿ ಅದು ಮಾತ್ರೆ. ಛಂದಸ್ಸಿನಲ್ಲಿ ಒಂದು ಲಘುವನ್ನು ಉಚ್ಚರಿಸಲು ಬೇಕಾದ ಕಾಲವೂ ಮಾತ್ರೆ. ಎರಡಕ್ಕೂ ಅಳತೆ ಎಂಬುದೇ ಮೂಲದ ಅರ್ಥ. ಆಯುರ್ವೇದದಲ್ಲಿ ರೋಗಿಗೆ ಎಷ್ಟು ಔಷಧ ಕೊಡಬೇಕು ಎಂಬ ಪ್ರಮಾಣಕ್ಕೆ ಮಾತ್ರಾ ಎನ್ನುತ್ತಾರೆ. ಹಾಗಾದರೆ ಗುಳಿಗೆಗೆ ಅಳತೆ ಇರುವಂತೆ ಅದರ ಹೆಸರಿಗೂ ಅಳತೆ ಇದೆ ಎಂದು ನಾನು ಹೇಳಿದರೆ ಅದು ಬರಿಯ ಪದಚಮತ್ಕಾರವಲ್ಲ. ಈ ಹೊತ್ತು ನಾವು ಮಾಡಬೇಕಾಗಿರುವುದು ಆ ಅಳತೆಯನ್ನೇ.

ಮೊದಲು ಕಿವಿಯ ಲೆಕ್ಕ. ನಿಮ್ಮಲ್ಲಿ ಹಲವರು ಮರೆತಿರಬಹುದಾದ್ದರಿಂದ ನಿಯಮವನ್ನು ಒಂದೇ ಉಸಿರಿನಲ್ಲಿ ನೆನಪಿಸುತ್ತೇನೆ: ಹ್ರಸ್ವಾಕ್ಷರ ಲಘು, ಅದಕ್ಕೆ 1 ಮಾತ್ರೆ; ದೀರ್ಘಾಕ್ಷರ, ಐ ಮತ್ತು ಔ ಕೂಡಿದ ಅಕ್ಷರ, ಅನುಸ್ವಾರ ವಿಸರ್ಗಗಳಿರುವ ಅಕ್ಷರ, ಕೊನೆಯಲ್ಲಿ ವ್ಯಂಜನ ನಿಂತ ಅಕ್ಷರ, ಇವೆಲ್ಲ ಗುರು, ಅವುಗಳಿಗೆ 2 ಮಾತ್ರೆ; ಇದಲ್ಲದೆ ಒತ್ತಕ್ಷರದ ಹಿಂದಿನ ಅಕ್ಷರ ಹ್ರಸ್ವವಾಗಿದ್ದರೂ ಗುರುವಾಗುತ್ತದೆ. ಈಗ ಟೆಲ್ಮಿಸಾರ್ಟನ್ ಅನ್ನು ಎಣಿಸಿ. ಟೆ ಎಂಬುದು ಲ್ಮಿಯ ಹಿಂದೆ ಇರುವುದರಿಂದ ಗುರು, ಮಿ ಲಘು, ಸಾ ಗುರು, ಕೊನೆಯಲ್ಲಿ ಟನ್ ಗುರು. ಟೆಲ್ಮಿ 3 ಮಾತ್ರೆ, ಸಾರ್ಟನ್ 4 ಮಾತ್ರೆ. ಮೂರು, ನಾಲ್ಕು. ಗದಗಿನಿಂದ ಬಂದವರು ಇಲ್ಲಿ ಯಾರಾದರೂ ಇದ್ದರೆ ಅವರ ಕಿವಿ ಈಗಾಗಲೇ ನಿಮಿರಿರಬೇಕು. ಭಾಮಿನಿ ಷಟ್ಪದಿಯ ನಡೆಯೇ ಮೂರು, ನಾಲ್ಕು, ಮೂರು, ನಾಲ್ಕು. ಟೆಲ್ಮಿಸಾರ್ಟನ್ ಎಂದು ಎರಡು ಸಲ ಹೇಳಿದರೆ ವೀರನಾರಾಯಣನ ಗುಡಿಯಲ್ಲಿ ಶತಮಾನಗಳಿಂದ ಮೊಳಗಿದ ಕುಮಾರವ್ಯಾಸನ ಷಟ್ಪದಿಯ ಮೊದಲ ಸಾಲಿನ ಅಳತೆ ತುಂಬುತ್ತದೆ.

ಹೈಡ್ರೋಕ್ಲೋರೋಥಯಜೈಡ್ ಅದಕ್ಕಿಂತ ಸೊಗಸಾಗಿದೆ. ಹೈ ಗುರು, ಡ್ರೋ ಗುರು: 4 ಮಾತ್ರೆ. ಕ್ಲೋ ಗುರು, ರೋ ಗುರು: ಮತ್ತೆ 4. ಥ ಲಘು, ಯ ಲಘು, ಜೈಡ್ ಗುರು: ಮತ್ತೂ 4. ಒಟ್ಟು 12 ಮಾತ್ರೆ, ನಾಲ್ಕರ ಮೂರು ಗಣ. ಕಂದಪದ್ಯದ ಮೊದಲ ಪಾದಕ್ಕೆ ಬೇಕಾದದ್ದು ಸರಿಯಾಗಿ ಇಷ್ಟೇ. ಎಲ್ಲರೂ ಉದ್ದ ಎಂದು ಅಂಜುವ ಹೆಸರು ನಮ್ಮ ಹಳೆಯ ಪದ್ಯದ ಅತಿ ಚಿಕ್ಕ ಸಾಲಿನಷ್ಟಿದೆ. ಕೆಲವರು ಇದನ್ನು ಥಿಯಾಜೈಡ್ ಎಂದು ಬರೆಯುತ್ತಾರೆ. ಆಗ ಕೊನೆಯ ಗಣಕ್ಕೆ 5 ಮಾತ್ರೆಯಾಗಿ ನಡೆ ಮುಗ್ಗರಿಸುತ್ತದೆ. ಕನ್ನಡದಲ್ಲಿ ಔಷಧದ ಹೆಸರುಗಳಿಗೆ ಎಲ್ಲರೂ ಒಪ್ಪಿದ ಬರವಣಿಗೆ ಇನ್ನೂ ನೆಲೆಗೊಂಡಿಲ್ಲವಾದ್ದರಿಂದ ಎರಡೂ ರೂಪಗಳನ್ನು ನೀವು ನೋಡುವಿರಿ. ನಾನು ಥಯಜೈಡ್ ಎಂದೇ ಬರೆಯುತ್ತೇನೆ, ಏಕೆಂದರೆ ಅದು ಬಾಯಿಯಲ್ಲಿ ನಿಲ್ಲುತ್ತದೆ.

ಈ ಹೆಸರಿನ ಬಗ್ಗೆ ನನಗೆ ವಿಶೇಷ ಪ್ರೀತಿ ಇರುವುದಕ್ಕೆ ಇನ್ನೊಂದು ಕಾರಣವಿದೆ. ಮಾತ್ರೆಯ ಲೆಕ್ಕದಲ್ಲಿ ಗಣ ಎಲ್ಲಿ ಮುಗಿಯುತ್ತದೆಯೋ ಅಲ್ಲಿಯೇ ಅರ್ಥದ ತುಂಡೂ ಮುಗಿಯುತ್ತದೆ. ಕ್ಲೋರೋ ಎಂದರೆ ಕ್ಲೋರಿನ್. ತಿಳಿಹಸಿರು ಎಂಬ ಗ್ರೀಕ್ ಪದದಿಂದ ಆ ಅನಿಲಕ್ಕೆ ಹೆಸರು ಬಂತು. ಥಯ ಎಂಬುದು ಗಂಧಕ, ಅದೂ ಗ್ರೀಕ್ ಮೂಲದ್ದು. ಜೈಡ್ ಎಂಬುದರ ಒಳಗೆ ಆಜೋಟ್ ಎಂಬ ಪದದ ಚೂರಿದೆ. ಸಾರಜನಕಕ್ಕೆ ಫ್ರಾನ್ಸಿನ ಲವಾಸಿಯೆ ಕೊಟ್ಟ ಹೆಸರು ಅದು, ಅದರಲ್ಲಿ ಜೀವ ಬದುಕದು ಎಂಬ ಅರ್ಥದಲ್ಲಿ. ಹೀಗೆ ಥಯಜೈಡ್ ಎಂದರೆ ಗಂಧಕವೂ ಸಾರಜನಕವೂ ಸೇರಿದ ಉಂಗುರವುಳ್ಳ ವಸ್ತುಗಳ ಕುಟುಂಬ. ಹೈಡ್ರೋ ಎಂಬ ಮೊದಲ ತುಂಡಿನಲ್ಲಿ ಮಾತ್ರ ಬಹಳ ಜನ ಎಡವುತ್ತಾರೆ. ಈ ಗುಳಿಗೆ ಮೂತ್ರದ ಮೂಲಕ ಉಪ್ಪನ್ನೂ ನೀರನ್ನೂ ಹೊರಹಾಕಿಸುತ್ತದೆ, ಆದ್ದರಿಂದ ಹೈಡ್ರೋ ಎಂದರೆ ನೀರು ಎಂದು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷವೂ ಬರೆಯುತ್ತಿದ್ದರು. ಅದು ಹಾಗಲ್ಲ. 1950ರ ದಶಕದ ಕೊನೆಯಲ್ಲಿ ಮೊದಲು ಬಂದದ್ದು ಕ್ಲೋರೋಥಯಜೈಡ್. ಅದರ ಉಂಗುರಕ್ಕೆ ಎರಡು ಜಲಜನಕದ ಪರಮಾಣುಗಳನ್ನು ಸೇರಿಸಿದಾಗ ಕಡಿಮೆ ಪ್ರಮಾಣದಲ್ಲಿಯೇ ಕೆಲಸ ಮಾಡುವ ಹೊಸ ಔಷಧ ಸಿಕ್ಕಿತು, ಅದಕ್ಕೆ ಹೈಡ್ರೋ ಎಂಬ ತಲೆ ಬಂತು. ಇಲ್ಲಿ ಹೈಡ್ರೋ ಎಂದರೆ ಜಲಜನಕ. ಕನ್ನಡದ ಜಲಜನಕ ಎಂಬ ಪದವೇ ನೀರನ್ನು ಹುಟ್ಟಿಸುವುದು ಎಂದು ಹೇಳುತ್ತಿರುವುದರಿಂದ, ತಪ್ಪಿಗೂ ಸರಿಗೂ ನಡುವೆ ಇರುವ ಈ ಒಂದು ಹೆಜ್ಜೆಯನ್ನು ಕನ್ನಡ ಓದಿದವನಿಗೆ ವಿವರಿಸುವುದು ಸುಲಭ.

ಆದರೆ ಎಲ್ಲ ಹೆಸರುಗಳೂ ಇಷ್ಟು ಸರಳವಾಗಿ ಸೀಳುವುದಿಲ್ಲ. ಕಿವಿ ಒಂದು ಕಡೆ ಕತ್ತರಿಸುತ್ತದೆ, ಅರ್ಥ ಇನ್ನೊಂದು ಕಡೆ ಕತ್ತರಿಸುತ್ತದೆ. ಇದು ನಮಗೆ ಹೊಸದೇನೂ ಅಲ್ಲ. ಊರೂರು ಎಂದು ಹೇಳುವಾಗ ಕಿವಿಗೆ ಕೇಳುವುದು ಊ, ರೂ, ರು. ಅರ್ಥಕ್ಕೆ ಬೇಕಾದದ್ದು ಊರು ಮತ್ತು ಊರು. ನಡುವಿನ ರೂ ಎಂಬ ಅಕ್ಷರ ಯಾವ ಊರಿಗೆ ಸೇರಿದ್ದು? ಅರ್ಧ ಆ ಊರಿಗೆ, ಅರ್ಧ ಈ ಊರಿಗೆ. ಸಂಧಿ ಬಿಡಿಸುವುದು ಎಂದರೆ ಈ ಪಾಲು ಹಂಚಿಕೊಡುವುದು.

ನಮ್ಮೆಲ್ಲರ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಅನ್ನು ತೆಗೆದುಕೊಳ್ಳಿ. ಅದರ ರಾಸಾಯನಿಕ ಹೆಸರು ಪ್ಯಾರಾ ಅಸಿಟೈಲ್ ಅಮೈನೋ ಫಿನಾಲ್. ಆ ಉದ್ದ ಹೆಸರಿನಿಂದ ಪ್ಯಾರಾ, ಅಸಿಟ, ಅಮ್, ಆಲ್ ಎಂಬ ಚೂರುಗಳನ್ನು ಆಯ್ದು ಹೊಲಿದಿದ್ದಾರೆ. ಪ್ಯಾರಾ ಎಂಬುದರ ಕೊನೆಯ ಸ್ವರವೂ ಅಸಿಟ ಎಂಬುದರ ಮೊದಲ ಸ್ವರವೂ ಕೂಡಿ ಒಂದೇ ಆಗಿವೆ. ವಿದ್ಯಾ ಮತ್ತು ಅಭ್ಯಾಸ ಸೇರಿ ವಿದ್ಯಾಭ್ಯಾಸ ಆಗುವಂತೆ. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಸವರ್ಣದೀರ್ಘ ಸಂಧಿ ಎಂದು ಹೆಸರು. ಅಮೆರಿಕದಲ್ಲಿ ಇದೇ ಔಷಧವನ್ನು ಅಸಿಟಮಿನೋಫೆನ್ ಎನ್ನುತ್ತಾರೆ. ಬೇರೆ ಔಷಧವಲ್ಲ, ಅದೇ ರಾಸಾಯನಿಕ ಹೆಸರಿನಿಂದ ಬೇರೆ ಚೂರುಗಳನ್ನು ಆಯ್ದಿದ್ದಾರೆ ಅಷ್ಟೆ: ಅಸಿಟ, ಅಮಿನೋ, ಫೆನ್. ಅಲ್ಲಿಂದ ಮಗ ತಂದ ಜ್ವರದ ಗುಳಿಗೆಯನ್ನೂ ಇಲ್ಲಿನ ಜ್ವರದ ಗುಳಿಗೆಯನ್ನೂ ಬೇರೆ ಬೇರೆ ಎಂದು ತಿಳಿದು ಒಟ್ಟಿಗೆ ನುಂಗಿದರೆ ಅದು ಒಂದೇ ಔಷಧದ ಎರಡು ಪಟ್ಟು, ಮತ್ತು ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಯಕೃತ್ತಿಗೆ ಪೆಟ್ಟು ಬೀಳುತ್ತದೆ. ಹೆಸರು ಬಿಡಿಸುವ ವಿದ್ಯೆ ಇಲ್ಲಿ ಜೀವಕ್ಕೆ ಸಂಬಂಧಿಸಿದ್ದು.

ಈಗ ಒತ್ತಿನ ವಿಚಾರಕ್ಕೆ ಬರುತ್ತೇನೆ. ಒತ್ತು ಎಂದರೆ ಒತ್ತಕ್ಷರವಲ್ಲ. ಇಂಗ್ಲಿಷ್ ಮಾತನಾಡುವವರು ಪ್ರತಿ ಪದದಲ್ಲಿ ಒಂದು ಅಕ್ಷರದ ಮೇಲೆ ಹಾಕುವ ಬಲ. ಪ್ರೆಸೆಂಟ್ ಎಂಬ ಪದದಲ್ಲಿ ಬಲ ಮೊದಲು ಬಿದ್ದರೆ ಉಡುಗೊರೆ, ಕೊನೆಯಲ್ಲಿ ಬಿದ್ದರೆ ಒಪ್ಪಿಸುವುದು. ಕನ್ನಡದಲ್ಲಿ ಬಲದಿಂದ ಅರ್ಥ ಬದಲಾಗುವುದಿಲ್ಲ, ಉದ್ದದಿಂದ ಬದಲಾಗುತ್ತದೆ. ಕಡು ಬೇರೆ, ಕಾಡು ಬೇರೆ. ಕತೆ ಬೇರೆ, ಕತ್ತೆ ಬೇರೆ. ಧಾರವಾಡದಲ್ಲಿ ಕುಳಿತು ಇದನ್ನು ವಿವರಿಸಲು ಸಂಗೀತ ಸಾಕು. ತೀನ್‌ತಾಲದ 16 ಮಾತ್ರೆಗಳಲ್ಲಿ ಸಮ್, ಅಂದರೆ ಆವರ್ತದ ಮೊದಲ ಪೆಟ್ಟು, ಒಂದೇ. ಬಂದಿಶ್‌ನ ಮುಖಡಾ, ಅಂದರೆ ಹಾಡಿನ ಮೊದಲ ತುಣುಕು, ಎಲ್ಲಿಂದ ಹೊರಟರೂ ಆ ಸಮ್‌ಗೆ ಬಂದು ಬೀಳುತ್ತದೆ, ಕೇಳುವವರ ತಲೆ ಅಲ್ಲಿ ತೂಗುತ್ತದೆ. ಇಂಗ್ಲಿಷ್ ಪದದಲ್ಲಿಯೂ ಹಾಗೆ ಒಂದು ಸಮ್ ಇದೆ. ಆದರೆ ಸಂಗೀತದಲ್ಲಿ ಉಳಿದ ಮಾತ್ರೆಗಳನ್ನು ಯಾರೂ ನುಂಗುವುದಿಲ್ಲ. ಇಂಗ್ಲಿಷಿನಲ್ಲಿ ಒತ್ತು ಬೀಳದ ಸ್ವರಗಳು ಸೊರಗಿ, ಅ ಎಂದೋ ಇ ಎಂದೋ ತಿಳಿಯದ ಅರೆಬಾಯಿಯ ಧ್ವನಿಯಾಗುತ್ತವೆ. ಆ ಧ್ವನಿಯನ್ನು ಹಿಡಿಯಲು ನಮ್ಮ ಕಿವಿಗೆ ತರಬೇತಿ ಇಲ್ಲ.

ಔಷಧದ ಹೆಸರುಗಳಲ್ಲಿ ಈ ಒತ್ತು ಎಲ್ಲಿ ಬೀಳುತ್ತದೆ ಎಂದು ನಾನು ಹಲವು ವರ್ಷ ಗಮನಿಸಿದೆ. ಲೊಸಾರ್ಟನ್, ವಾಲ್ಸಾರ್ಟನ್, ಟೆಲ್ಮಿಸಾರ್ಟನ್: ಮೂರರಲ್ಲಿಯೂ ಒತ್ತು ಸಾ ಮೇಲೆ. ಅಟಾರ್ವಸ್ಟಾಟಿನ್, ರೊಸುವಸ್ಟಾಟಿನ್: ಎರಡರಲ್ಲಿಯೂ ಸ್ಟಾ ಮೇಲೆ. ಎರಿತ್ರೋಮೈಸಿನ್, ಅಜಿತ್ರೋಮೈಸಿನ್: ಮೈ ಮೇಲೆ. ಈ ಹೆಸರುಗಳಲ್ಲಿ ಕುಟುಂಬವನ್ನು ತಿಳಿಸುವ ಬಾಲಕ್ಕೇ ದನಿ ಏರುತ್ತದೆ. ಅಟೆನೊಲಾಲ್, ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್ ಎಂಬ ಹೃದಯದ ಔಷಧಗಳಲ್ಲಿ ಹಾಗಲ್ಲ. ಅಲ್ಲಿ ಒತ್ತು ಕೊನೆಯಿಂದ ಮೂರನೆಯ ಅಕ್ಷರದ ಮೇಲೆ ಬೀಳುತ್ತದೆ: ಟೆ, ಪ್ರ, ಟೊ, ಸೊ. ಓಲಾಲ್ ಎಂಬ ಕುಟುಂಬದ ಗುರುತು ಒತ್ತು ಇಳಿದ ಮೇಲೆ ಬರುವ ಸೊರಗಿದ ಭಾಗದಲ್ಲಿ ಇರುತ್ತದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಬೆಪ್ರಜೋಲ್ ಎಂಬ ಹೊಟ್ಟೆಯುರಿಯ ಗುಳಿಗೆಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಗ್ಲಿಷ್ ಬಾಯಿ ಮೆಪ್, ಟಾಪ್, ಬೆಪ್ ಎಂದು ಒತ್ತಿ, ಪ್ರಜೋಲ್ ಎಂಬ ಬಾಲದ ಮೊದಲ ವ್ಯಂಜನವನ್ನೇ ಕಚ್ಚಿಕೊಂಡು ಹೋಗುತ್ತದೆ. ಉಳಿಯುವುದು ರಜೋಲ್. ಇಲ್ಲಿ ಕಿವಿಯ ಕತ್ತರಿ ಅರ್ಥದ ಹೊಲಿಗೆಯ ಮೇಲೆಯೇ ಹಾದುಹೋಗುತ್ತದೆ.

ನಮ್ಮ ಛಂದಸ್ಸು ಇಲ್ಲಿ ಒಂದು ಅಚ್ಚರಿಯನ್ನು ತೋರಿಸುತ್ತದೆ. ಒಮೆಪ್ರಜೋಲ್ ಎಂಬುದನ್ನು ಮಾತ್ರೆಗೆ ಹಾಕಿ: ಒ ಲಘು, ಮೆ ಹ್ರಸ್ವವಾಗಿದ್ದರೂ ಪ್ರ ಎಂಬ ಸಂಯುಕ್ತಾಕ್ಷರದ ಹಿಂದೆ ಇರುವುದರಿಂದ ಗುರು, ಪ್ರ ಲಘು, ಜೋಲ್ ಗುರು. ಇಂಗ್ಲಿಷಿನವರು ಎಲ್ಲಿ ಒತ್ತುತ್ತಾರೋ ಅಲ್ಲಿಯೇ ನಮ್ಮ ಗುರು ಕುಳಿತಿದೆ. ಮೆಟೊಪ್ರೊಲಾಲ್‌ನ ಟೊ, ಬಿಸೊಪ್ರೊಲಾಲ್‌ನ ಸೊ ಕೂಡ ಹಾಗೆಯೇ ಗುರು. ಇಂಥ ಹೆಸರುಗಳನ್ನು ಕನ್ನಡದ ಒತ್ತಕ್ಷರವನ್ನು ಚೆನ್ನಾಗಿ ಹೇಳುವವರು ಯಾರೂ ಕಲಿಸದೆಯೇ ಸರಿಯಾಗಿ ಹೇಳುತ್ತಾರೆ. ಕಷ್ಟ ಇರುವುದು ಅಟೆನೊಲಾಲ್ ಮತ್ತು ಪ್ರೊಪ್ರನೊಲಾಲ್‌ಗಳಲ್ಲಿ. ಅವುಗಳಲ್ಲಿ ಇಂಗ್ಲಿಷಿನ ಒತ್ತು ಬೀಳುವ ಟೆ ಮತ್ತು ಪ್ರ ನಮಗೆ ಲಘು. ಅವರು ಏರಿಸಿ ಹೇಳಿದ್ದು ನಮ್ಮ ಕಿವಿಗೆ ಏರಿದಂತೆ ಕೇಳುವುದಿಲ್ಲ, ಸೊರಗಿಸಿದ ಅಕ್ಷರಗಳು ಕೇಳುವುದೇ ಇಲ್ಲ. ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಇಂಗ್ಲಿಷ್ ಶಾಲೆಯ ಉಚ್ಚಾರದ ಯುವ ವೈದ್ಯರು ಫೋನಿನಲ್ಲಿ ಹೇಳಿದ ಹೆಸರು ನವಲಗುಂದದ ಅಂಗಡಿಯ ಹುಡುಗನಿಗೆ ಅರ್ಧ ಮಾತ್ರ ಸಿಗುವುದಕ್ಕೆ ಆ ಹುಡುಗನ ದಡ್ಡತನ ಕಾರಣವಲ್ಲ. ಎರಡು ಭಾಷೆಗಳ ತೂಕದ ಬಟ್ಟುಗಳೇ ಬೇರೆ.

ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಮಳೆಗಾಲದ ಒಂದು ಸಂಜೆ, ದವಾಖಾನೆಯೊಂದರಿಂದ ಫೋನ್ ಬಂತು. ಲೈನು ಸರಿಯಿರಲಿಲ್ಲ. ಹೈಡ್ರಾ ಎಂದು ಸ್ಪಷ್ಟವಾಗಿ ಕೇಳಿತು, ಜೀನ್ ಎಂದು ಕೊನೆಗೆ ಕೇಳಿತು, ನಡುವಿನದ್ದು ಕೇಳಲಿಲ್ಲ. ನಾನು ಹೈಡ್ರಾಕ್ಸಿಜೀನ್ ಎಂದು ಬರೆದುಕೊಂಡು ಡಬ್ಬಿ ತೆಗೆದೆ. ಅದು ತುರಿಕೆಗೆ ಕೊಡುವ ಔಷಧ. ಅವರು ಹೇಳಿದ್ದು ಹೈಡ್ರಾಲಜೀನ್, ರಕ್ತದೊತ್ತಡ ಇಳಿಸುವುದು. ಅಂಗಡಿಯ ಹಿರಿಯರು ರೋಗಿಗೆ ಏನಾಗಿದೆ ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಅವರು ಮತ್ತೆ ಫೋನ್ ಮಾಡಿಸಿ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿಸಿಕೊಂಡರು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎರಡು ಹೆಸರುಗಳ ತಲೆ ಒಂದೇ, ಬಾಲ ಒಂದೇ. ರೋಗಿಯ ಹಣೆಬರಹ ನಡುವಿನ ಒಂದು ಅಕ್ಷರದಲ್ಲಿತ್ತು, ಫೋನು ಕಳೆದದ್ದೂ ಅದನ್ನೇ. ಅಂದಿನಿಂದ ನಾನು ಫೋನಿನಲ್ಲಿ ಕೇಳಿದ ಯಾವ ಹೆಸರನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡಿಲ್ಲ. ಹೈ, ಡ್ರಾ, ಲ, ಜೀನ್ ಎಂದು ಪ್ರತಿ ಅಕ್ಷರಕ್ಕೂ ಸಮನಾದ ಬಲ ಕೊಟ್ಟು ತಿರುಗಿ ಹೇಳುತ್ತೇನೆ. ಇಂಗ್ಲಿಷಿನವರ ಕಿವಿಗೆ ಅದು ಹಳ್ಳಿಯ ಉಚ್ಚಾರದಂತೆ ಕೇಳಬಹುದು. ಸುರಕ್ಷಿತವಾದ ಉಚ್ಚಾರ ಅದೇ ಎಂದು ನನ್ನ ನಂಬಿಕೆ, ಏಕೆಂದರೆ ಅದರಲ್ಲಿ ಯಾವ ಅಕ್ಷರವೂ ಸೊರಗುವುದಿಲ್ಲ.

ಹೈಡ್ರಾಲಜೀನ್, ಹೈಡ್ರಾಕ್ಸಿಜೀನ್ ಜೋಡಿ ಲೋಕಪ್ರಸಿದ್ಧವಾದದ್ದು. ಇಂಥ ಹೆಸರುಗಳನ್ನು ಬರೆಯುವಾಗ ಇಂಗ್ಲಿಷಿನಲ್ಲಿ ಬೇರೆಯಾಗುವ ಭಾಗವನ್ನು ಮಾತ್ರ ದೊಡ್ಡಕ್ಷರಗಳಲ್ಲಿ ಅಚ್ಚು ಹಾಕುವ ಪದ್ಧತಿ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ, ಆದ್ದರಿಂದ ಆ ಉಪಾಯ ನಮಗೆ ಹಾಗೆಯೇ ಸಲ್ಲುವುದಿಲ್ಲ. ನಮಗೆ ಪದಚ್ಛೇದ ಇದೆ. ರೋಗಿಗೆ ಕನ್ನಡದಲ್ಲಿ ಚೀಟಿ ಬರೆದುಕೊಡುವಾಗ ಹೈಡ್ರಾ, ಒಂದು ಗೆರೆ, ಲ, ಒಂದು ಗೆರೆ, ಜೀನ್ ಎಂದು ಬಿಡಿಸಿ ಬರೆದರೆ ಕಣ್ಣು ನಡುವೆ ನಿಂತೇ ಮುಂದೆ ಹೋಗುತ್ತದೆ. ಇದೇ ಹೊತ್ತಿನಲ್ಲಿ ಸಂಕ್ಷೇಪದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಹೈಡ್ರೋಕ್ಲೋರೋಥಯಜೈಡ್ ಉದ್ದವಾಯಿತೆಂದು ಅದನ್ನು ಎಚ್‌ಸಿಟಿಜೆಡ್ ಎಂದು ಬರೆಯುವವರಿದ್ದಾರೆ. ಅವಸರದ ಕೈಬರಹದಲ್ಲಿ ಅದು ಹೈಡ್ರೋಕಾರ್ಟಿಸೋನ್‌ನ ಸಂಕ್ಷೇಪದೊಡನೆ ಬೆರೆತು, ಒಂದರ ಬದಲು ಇನ್ನೊಂದು ಹೋದದ್ದಿದೆ. ಏಳು ಅಕ್ಷರ ಬರೆಯುವ ಶ್ರಮ ಉಳಿಸಲು ಹೋಗಿ ಹೆಸರಿನ ಗಣಗಳನ್ನೇ ಕಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. 2016ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಮಂಡಳಿಯು ವೈದ್ಯರು ಔಷಧದ ಮೂಲ ಹೆಸರನ್ನು, ಅಂದರೆ ಜೆನೆರಿಕ್ ಹೆಸರನ್ನು, ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕು ಎಂದು ನಿಯಮ ಮಾಡಿತು. ಹೆಸರು ಪೂರ್ತಿ ಇದ್ದಾಗ ಮಾತ್ರ ದೊಡ್ಡಕ್ಷರಕ್ಕೂ ಬೆಲೆ.

ಈಗ ಬಾಲದ ವಿಷಯ. ಔಷಧದ ಮೂಲ ಹೆಸರುಗಳನ್ನು ಯಾರೋ ಮನಬಂದಂತೆ ಇಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1950ರಲ್ಲಿ ಇದಕ್ಕೊಂದು ವ್ಯವಸ್ಥೆ ಮಾಡಬೇಕೆಂದು ನಿರ್ಣಯಿಸಿತು, 1953ರಲ್ಲಿ ಮೊದಲ ಪಟ್ಟಿ ಹೊರಬಂತು. ಒಂದೇ ಬಗೆಯಲ್ಲಿ ಕೆಲಸ ಮಾಡುವ ಔಷಧಗಳಿಗೆ ಸಮಾನವಾದ ಒಂದು ತುಂಡು ಇರಬೇಕು ಎಂಬುದು ಅದರ ತಿರುಳು. ಅದನ್ನು ಇಂಗ್ಲಿಷಿನಲ್ಲಿ ಸ್ಟೆಮ್ ಎನ್ನುತ್ತಾರೆ. ಹೆಚ್ಚಾಗಿ ಕೊನೆಯಲ್ಲಿ ಬರುವುದರಿಂದ ನಾನು ಪ್ರತ್ಯಯ ಎಂದೇ ಕರೆಯುತ್ತೇನೆ. ಅಲ್ಲಿ, ಇಂದ, ಗೆ ಎಂಬ ಪ್ರತ್ಯಯಗಳು ಮನೆಗೂ ಹೊಲಕ್ಕೂ ಒಂದೇ ಕೆಲಸ ಮಾಡುವಂತೆ ರಕ್ತದೊತ್ತಡದ ಔಷಧಗಳ ಸಾರ್ಟನ್, ಸಕ್ಕರೆ ಕಾಯಿಲೆಯ ಗ್ಲಿಪ್ಟಿನ್, ಸೋಂಕಿನ ಫ್ಲಾಕ್ಸಸಿನ್ ಎಂಬವೂ ಮಾಡುತ್ತವೆ. ಆ ಸಂಸ್ಥೆಯ ಇನ್ನೊಂದು ಸೂಚನೆಯನ್ನು ನೀವು ಮೆಚ್ಚುವಿರಿ: ಹೊಸ ಹೆಸರುಗಳಲ್ಲಿ ಥ ಕಾರದ ಜೋಡಿ ಅಕ್ಷರದ ಬದಲು ಬರಿಯ ಟಿ, ಪಿ ಎಚ್ ಜೋಡಿಯ ಬದಲು ಎಫ್ ಬಳಸಬೇಕು, ಎಚ್ ಮತ್ತು ಕೆ ಅಕ್ಷರಗಳನ್ನು ಆದಷ್ಟು ಬಿಡಬೇಕು. ಅರಬ್ಬಿ, ಚೀನೀ, ರಷ್ಯನ್ ಬಾಯಿಗಳಿಗೂ ಒಗ್ಗಲಿ ಎಂದು ಮಾಡಿದ ಈ ಏರ್ಪಾಡಿನ ಲಾಭ ಕನ್ನಡದ ಬಾಯಿಗೂ ಸಿಕ್ಕಿದೆ.

ಪ್ರತ್ಯಯ ಬಲ್ಲವನಿಗೆ ಏನು ಉಪಯೋಗ ಎಂದು ಕೇಳುವವರಿಗೆ ಕೌಂಟರಿನ ಒಂದು ದೃಶ್ಯ ಸಾಕು. ಕುಂದಗೋಳದ ಕಡೆಯ ಅಜ್ಜಿಯೊಬ್ಬರು ಬಂದು, “ತಮ್ಮಾ, ಆ ಮೆಟ್ ಅಂತ ಬರ್ತೈತಲ್ಲ, ಆ ಗುಳಿಗಿ ಕೊಡಪಾ” ಎಂದರು. ನಾನು, “ಯವ್ವಾ, ಡಾಕ್ಟರ್ ಚೀಟಿ ಐತೇನ್ರಿ?” ಎಂದೆ. ಚೀಟಿ ಮನೆಯಲ್ಲಿತ್ತು. ಮೆಟ್ ಎಂದು ಶುರುವಾಗುವ ಮೂರು ಡಬ್ಬಿಗಳು ನನ್ನ ಬೆನ್ನ ಹಿಂದೆ ಒಂದೇ ಸಾಲಿನಲ್ಲಿದ್ದವು: ಮೆಟ್‌ಫಾರ್ಮಿನ್ ಸಕ್ಕರೆ ಕಾಯಿಲೆಗೆ, ಮೆಟೊಪ್ರೊಲಾಲ್ ಹೃದಯಕ್ಕೆ, ಮೆಟ್ರೊನಿಡಜೋಲ್ ಆಮಶಂಕೆಗೆ. ತಲೆ ಒಂದೇ, ಬಾಲ ಮೂರು, ರೋಗ ಮೂರು. ನೆನಪಿಟ್ಟುಕೊಳ್ಳುವಾಗ ಜನ ತಲೆಯನ್ನು ಹಿಡಿಯುತ್ತಾರೆ. ಔಷಧದ ಕೆಲಸವನ್ನು ಹೇಳುವುದು ಬಾಲ. ಮಗನಿಗೆ ಫೋನ್ ಹಚ್ಚಿಸಿ ಚೀಟಿಯನ್ನು ಓದಿಸಿ, ಅದು ಫಾರ್ಮಿನ್ ಎಂದು ಖಚಿತವಾದ ಮೇಲೆಯೇ ಕೊಟ್ಟೆ. ಆಮೇಲೆ ಆ ಅಜ್ಜಿ ಪ್ರತಿ ತಿಂಗಳೂ ಬಂದು ಫಾರ್ಮಿನ್ ಎಂದೇ ಕೇಳುತ್ತಿದ್ದರು. ಅಕ್ಷರ ಬಾರದ ಅವರು ಹೆಸರಿನ ಸರಿಯಾದ ತುದಿಯನ್ನು ಹಿಡಿದಿದ್ದರು.

ಕ್ಯಾನ್ಸರಿಗೂ ಕೀಲುವಾತಕ್ಕೂ ಕೊಡುವ ದುಬಾರಿ ಚುಚ್ಚುಮದ್ದುಗಳ ಹೆಸರುಗಳಲ್ಲಿ ಪ್ರತ್ಯಯದ ಮೇಲೆ ಪ್ರತ್ಯಯ ಕೂಡುತ್ತದೆ. ಟ್ರಾಸ್ಟುಜುಮ್ಯಾಬ್: ಟ್ರಾಸ್ ಎಂಬುದು ಬರಿಯ ಗುರುತಿನ ತಲೆ, ಟು ಎಂದರೆ ಗಡ್ಡೆಗೆ ಸಂಬಂಧಿಸಿದ್ದು, ಜು ಎಂದರೆ ಇಲಿಯದನ್ನು ಬಹುಪಾಲು ಮನುಷ್ಯನದರಂತೆ ಮಾರ್ಪಡಿಸಿದ್ದು, ಮ್ಯಾಬ್ ಎಂದರೆ ಒಂದೇ ತಳಿ ಜೀವಕೋಶದಿಂದ ಬಂದ ಪ್ರತಿಕಾಯ. ರಿಟುಕ್ಸಿಮ್ಯಾಬ್‌ನಲ್ಲಿ ಕ್ಸಿ ಎಂದರೆ ಸ್ವಲ್ಪ ಭಾಗ ಇಲಿಯದ್ದು, ಉಳಿದದ್ದು ಮನುಷ್ಯನದ್ದು. ಇವೆರಡೂ ಅಕ್ಷರದ ಅಂಚಿನಲ್ಲಿಯೇ ಸೀಳುತ್ತವೆ. ಅಡಲಿಮುಮ್ಯಾಬ್ ಹಾಗೆ ಸೀಳುವುದಿಲ್ಲ. ಅಡ, ಲಿಮ್, ಉ, ಮ್ಯಾಬ್ ಎಂಬುದು ಅದರ ರಚನೆ. ಲಿಮ್ ಎಂದರೆ ರೋಗನಿರೋಧಕ ವ್ಯವಸ್ಥೆ, ಉ ಎಂದರೆ ಪೂರ್ತಿ ಮನುಷ್ಯನದ್ದು. ಆದರೆ ಬಾಯಿಯಲ್ಲಿ ಅದು ಅ, ಡ, ಲಿ, ಮು, ಮ್ಯಾಬ್. ಮು ಎಂಬ ಒಂದು ಅಕ್ಷರದಲ್ಲಿ ವ್ಯಂಜನ ಒಂದು ಪ್ರತ್ಯಯಕ್ಕೂ ಸ್ವರ ಇನ್ನೊಂದು ಪ್ರತ್ಯಯಕ್ಕೂ ಸೇರಿದೆ. ಊರೂರು ಎಂಬುದರ ರೂ ನೆನಪಾಗಲಿಲ್ಲವೆ? ನಮ್ಮ ಲಿಪಿ ವ್ಯಂಜನ ಸ್ವರಗಳನ್ನು ಒಂದೇ ಅಕ್ಷರವಾಗಿ ಬೆಸೆಯುವುದರಿಂದ ಈ ಹೊಲಿಗೆ ಕಣ್ಣಿಗೆ ಕಾಣುವುದೇ ಇಲ್ಲ. ಸಂಧಿ ಬಿಡಿಸಲು ಬಲ್ಲವರಿಗೆ ಮಾತ್ರ ಕಾಣುತ್ತದೆ. ಇಲಿ, ಮನುಷ್ಯ ಎಂಬ ಮೂಲ ತಿಳಿಸುವ ತುಂಡುಗಳನ್ನು ಹೊಸ ಹೆಸರುಗಳಲ್ಲಿ 2017ರಿಂದ ಕೈಬಿಟ್ಟಿದ್ದಾರೆ. ಮ್ಯಾಬ್ ಎಂಬ ಬಾಲದ ಹೆಸರುಗಳು ಲೆಕ್ಕ ಮೀರಿ ಬೆಳೆದು ಒಂದನ್ನೊಂದು ಹೋಲತೊಡಗಿದ್ದರಿಂದ 2021ರಲ್ಲಿ ಅದನ್ನೂ ನಿಲ್ಲಿಸಿ ಟಗ್, ಬಾರ್ಟ್, ಮಿಗ್, ಮೆಂಟ್ ಎಂಬ ನಾಲ್ಕು ಬಾಲಗಳಾಗಿ ಹಂಚಿದರು. ಹಳೆಯ ಹೆಸರುಗಳು ಹಾಗೆಯೇ ಉಳಿದಿವೆ.

ಪ್ರತ್ಯಯವನ್ನು ಕಣ್ಣುಮುಚ್ಚಿ ನಂಬಬಾರದು ಎಂಬುದನ್ನೂ ಹೇಳಬೇಕು. ಸ್ಟಾಟಿನ್ ಎಂದು ಮುಗಿದರೆ ಕೊಲೆಸ್ಟ್ರಾಲ್ ಇಳಿಸುವ ಗುಳಿಗೆ ಎಂದು ಹುಡುಗರು ಬಾಯಿಪಾಠ ಮಾಡುತ್ತಾರೆ. ನಿಸ್ಟಾಟಿನ್ ಬಾಯಿಹುಣ್ಣಿನ ಬೂಸಿಗೆ ಹಾಕುವ ಔಷಧ. ನ್ಯೂಯಾರ್ಕ್ ಸ್ಟೇಟ್‌ನ ಪ್ರಯೋಗಾಲಯದಲ್ಲಿ ಇಬ್ಬರು ಮಹಿಳಾ ವಿಜ್ಞಾನಿಗಳು ಕಂಡುಹಿಡಿದದ್ದರಿಂದ ಆ ರಾಜ್ಯದ ಹೆಸರೇ ಅದರ ಹೊಟ್ಟೆಯಲ್ಲಿದೆ. ಸರಿಯಾದ ಪ್ರತ್ಯಯ ವಸ್ಟಾಟಿನ್, ಬರಿಯ ಸ್ಟಾಟಿನ್ ಅಲ್ಲ. ಒಂದು ವ ಕಾರ ಬಿಟ್ಟರೆ ಕುಟುಂಬವೇ ತಪ್ಪುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ತಲೆಯಲ್ಲಿಯೂ ವಿಸ್ಕಾನ್ಸಿನ್‌ನ ಸಂಶೋಧನಾ ಪ್ರತಿಷ್ಠಾನವೊಂದರ ಮೊದಲಕ್ಷರಗಳಿವೆ. ಇಂಥವನ್ನು ಬಿಡಿಸಲು ವ್ಯಾಕರಣ ಸಾಲದು, ಚರಿತ್ರೆ ಬೇಕು.

ಕಂಪನಿಗಳು ಇಡುವ ವ್ಯಾಪಾರದ ಹೆಸರುಗಳಿಗೆ ಈ ಯಾವ ನಿಯಮವೂ ಇಲ್ಲ. ಅಲ್ಲಿ ಹೋಲಿಕೆಯ ಅಪಾಯ ಹೆಚ್ಚು. ಮೆದುಳಿಗೆ ಏರಿದ ಮಲೇರಿಯಾಕ್ಕೆ ಕೊಡುವ ಫಾಲ್ಸಿಗೊ ಮತ್ತು ಫಾಲ್ಸಿಟ್ಯಾಬ್ ಎಂಬ ಹೆಸರುಗಳ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2001ರ ಆ ತೀರ್ಪಿನಲ್ಲಿ ನ್ಯಾಯಾಲಯ ಔಷಧದ ಹೆಸರುಗಳ ಹೋಲಿಕೆಯನ್ನು ಬೇರೆ ಸರಕುಗಳಿಗಿಂತ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು ಎಂದಿತು. ಒಂದೇ ಸಾಮಾನ್ಯ ಭಾಷೆ ಇಲ್ಲದ, ಇಂಗ್ಲಿಷ್ ಬಲ್ಲವರು ಕಡಿಮೆ ಇರುವ ಈ ದೇಶಕ್ಕೆ ಇಂಗ್ಲೆಂಡಿನ ಅಳತೆಗೋಲನ್ನು ಹಾಗೆಯೇ ಹಚ್ಚಿದರೆ ಇಲ್ಲಿನ ವಾಸ್ತವವನ್ನು ಮರೆತಂತೆ ಎಂಬ ಅರ್ಥದ ಮಾತನ್ನೂ ಆಡಿತು. ಕಿವಿಯ ವ್ಯತ್ಯಾಸದ ಬಗ್ಗೆ ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಅಲ್ಲಿ ಕಾನೂನಿನ ಮನ್ನಣೆ ಸಿಕ್ಕಿತು ಎಂದು ನಾನು ತಿಳಿದಿದ್ದೇನೆ.

ಹಿಂದಿನ ಸಾಲಿನಲ್ಲಿ ಕುಳಿತ ಫಾರ್ಮಸಿಯ ಹುಡುಗಿಯೊಬ್ಬಳು ತಂದೆಯ ಗುಳಿಗೆಯ ಸ್ಟ್ರಿಪ್ ಹಿಡಿದು, ಇದನ್ನು ಬಿಡಿಸಿ ತೋರಿಸಿ ಎಂದು ಕೇಳುತ್ತಿದ್ದಾಳೆ. ಹೆಸರು ಟೆನೆಲಿಗ್ಲಿಪ್ಟಿನ್. ನಾನು ಬಿಡಿಸುವುದಿಲ್ಲ, ಬೋರ್ಡಿನ ಹತ್ತಿರ ನೀನೇ ಬಾ ತಾಯಿ. ಟೆ ಲಘು, ನೆ ಲಘು, ಲಿ ಎಂಬುದು ಗ್ಲಿಯ ಹಿಂದೆ ಇರುವುದರಿಂದ ಗುರು: 4 ಮಾತ್ರೆ, ಸರಿಯಾಗಿ ಹಾಕಿದೆ. ಗ್ಲಿ ಗುರು, ಪ್ಟಿನ್ ಗುರು: ಮತ್ತೆ 4. ಈಗ ಅರ್ಥದ ಗೆರೆ ಎಲ್ಲಿ ಎಳೆಯುತ್ತೀ? ಗ್ಲಿಪ್ಟಿನ್‌ಗೆ ಮೊದಲು, ಸಕ್ಕರೆ ಕಾಯಿಲೆಯ ಕುಟುಂಬ. ಗಣದ ಗೆರೆಯೂ ಅಲ್ಲಿಯೇ ಬಿತ್ತು. ಆದರೆ ಜೋರಾಗಿ ಒಂದು ಸಲ ಹೇಳಿ ನೋಡು, ಗ ಕಾರ ಎಲ್ಲಿ ಹೋಗಿ ಅಂಟಿಕೊಳ್ಳುತ್ತದೆ? ಲಿಗ್. ಹೌದು, ಅದು ಹಿಂದಿನ ಅಕ್ಷರಕ್ಕೆ ಜೋತುಬಿದ್ದಿದೆ. ಬೋರ್ಡಿನ ಮೇಲೆ ಅಲ್ಲಿ ಒಂದು ಚಿಕ್ಕ ಗುರುತು ಹಾಕು. ಅಂಗಡಿಯಲ್ಲಿ ಯಾರಾದರೂ ಫೋನಿನಲ್ಲಿ ಈ ಹೆಸರು ಹೇಳಿದಾಗ ನಿನ್ನ ಕಿವಿ ಮೊದಲು ಕಾಯಬೇಕಾದ ಜಾಗ ಅದು.